ವಾರಕ್ಕೆ ಹತ್ತು ಗಂಟೆ: ಯಾರ ವಾರ, ಯಾರ ಗಂಟೆ?

ಯಾವುದೇ ಐಟಿ ಸರ್ಟಿಫಿಕೇಶನ್ ಕೋರ್ಸಿನ ಪುಟ ತೆರೆಯಿರಿ. ಫೀಸಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ವಾರಕ್ಕೆ ಇಷ್ಟು ಗಂಟೆ, ಒಟ್ಟು ಇಷ್ಟು ತಿಂಗಳು. ಗೂಗಲ್‌ನ ಐಟಿ ಸಪೋರ್ಟ್ ಸರ್ಟಿಫಿಕೇಟ್ 2018ರಲ್ಲಿ ಕೋರ್ಸೆರಾದಲ್ಲಿ ಶುರುವಾಯಿತು. ವಾರಕ್ಕೆ 10 ಗಂಟೆಯೊಳಗೆ ಓದಿದರೂ 3ರಿಂದ 6 ತಿಂಗಳಲ್ಲಿ ಮುಗಿಸಬಹುದು ಅನ್ನುವುದು ಅದರ ಮಾತು. ಫೀಸಿನ ಬಗ್ಗೆ ನಾವು ಹತ್ತು ಸಲ ಯೋಚಿಸುತ್ತೇವೆ, ಗೆಳೆಯರನ್ನು ಕೇಳುತ್ತೇವೆ, ಕೂಪನ್ ಹುಡುಕುತ್ತೇವೆ. ಆ ಹತ್ತು ಗಂಟೆಯ ಬಗ್ಗೆ ಮಾತ್ರ ಯಾರೂ ಚೌಕಾಸಿ ಮಾಡುವುದಿಲ್ಲ. ಸಮಯ ಹೇಗೂ ಪುಕ್ಕಟೆ ಅಲ್ವಾ!

ನಾನು ಎಂಜಿನಿಯರಿಂಗ್ ಓದಿ, ಕೆಲವು ವರ್ಷ ಐಟಿ ಸಪೋರ್ಟ್‌ನಲ್ಲಿ ಶಿಫ್ಟ್ ಮಾಡಿ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಇರುವುದು ಆರ್.ಟಿ. ನಗರದಲ್ಲಿ. ಯಲಹಂಕ, ಹೆಬ್ಬಾಳ, ಮತ್ತಿಕೆರೆ, ಯಶವಂತಪುರದ ಪಿಜಿಗಳಲ್ಲಿರುವ ಹುಡುಗ ಹುಡುಗಿಯರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ರಾಜಕೀಯದ್ದಲ್ಲ. 'ಅಣ್ಣ, ಸಿಸಿಎನ್‌ಎ ಮೂರು ತಿಂಗಳಲ್ಲಿ ಆಗುತ್ತಾ?' ಅಂತ ಕೇಳುತ್ತಾರೆ. 'ಕೆಲಸ ಮಾಡ್ಕೊಂಡೇ ಎಡಬ್ಲ್ಯೂಎಸ್ ಮುಗಿಸಬಹುದಾ?' ಅಂತ ಕೇಳುತ್ತಾರೆ. ಪ್ರಶ್ನೆಯ ಹಿಂದೆ ಭಯವೂ ಇದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಉದ್ಯೋಗಿಗಳಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಕೌಶಲ ಹೊಂದುತ್ತಿಲ್ಲ ಅನ್ನುವುದು. ಅಲ್ಲಿಂದೀಚೆಗೆ ಸರ್ಟಿಫಿಕೇಟ್ ಅನ್ನುವುದು ಬಡ್ತಿಯ ಆಸೆಗಿಂತ ಹೆಚ್ಚಾಗಿ ಕೆಲಸ ಉಳಿಸಿಕೊಳ್ಳುವ ವಿಮೆ ಆಗಿಬಿಟ್ಟಿದೆ.

ಹಾಗಾಗಿ ಈ ಸಲ ಆ ಪ್ರಶ್ನೆಗೇ ಪೂರ್ತಿ ಉತ್ತರ ಬರೆಯುತ್ತಿದ್ದೇನೆ. ಮೊದಲ ಭಾಗ ಬರೀ ಗಣಿತ. ಗಣಿತ ಸರಿಯಾಗಿ ಮಾಡಿದರೆ ಕೊನೆಗೆ ಅದು ರಾಜಕೀಯಕ್ಕೇ ಬಂದು ನಿಲ್ಲುತ್ತದೆ.

ಆ ಸಾಲು ಯಾರಿಗಾಗಿ ಬರೆದದ್ದು?

ಕೋರ್ಸುಗಳ ವೇಗ ಮೂರು ಬಗೆಯದು. ಮೊದಲನೆಯದು, ತಿಂಗಳ ಚಂದಾ ಕಟ್ಟಿ ನಮ್ಮ ವೇಗದಲ್ಲಿ ಓದುವುದು. ಗೂಗಲ್, ಐಬಿಎಂ ಮುಂತಾದವರ ಕೋರ್ಸೆರಾ ಸರ್ಟಿಫಿಕೇಟುಗಳು ಈ ಬಗೆಯವು. ಇಲ್ಲಿ ನಿಧಾನ ಆದಷ್ಟೂ ಚಂದಾ ಜಾಸ್ತಿ. ಎರಡನೆಯದು, ವಾರವಾರಕ್ಕೂ ಗಡುವು ಇರುವ ಕೋರ್ಸು. ನಮ್ಮ ದೇಶದ ಎನ್‌ಪಿಟೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮೂರನೆಯದು, ಬರೀ ಪರೀಕ್ಷೆ. ಸಿಸ್ಕೊದ ಸಿಸಿಎನ್‌ಎ, ಅಮೆಜಾನ್‌ನ ಎಡಬ್ಲ್ಯೂಎಸ್, ಕಾಂಪ್‌ಟಿಯಾದ ಎ ಪ್ಲಸ್ ಇವೆಲ್ಲ ಇಲ್ಲಿಗೆ ಸೇರುತ್ತವೆ. ಎಲ್ಲಿ ಓದುತ್ತೀರಿ, ಎಷ್ಟು ದಿನ ಓದುತ್ತೀರಿ ಅನ್ನುವುದು ಅವರಿಗೆ ಬೇಕಿಲ್ಲ. ದುಡ್ಡು ಕಟ್ಟಿ ಒಂದು ದಿನ ಹೋಗಿ ಬರೆದು ಬನ್ನಿ, ಅಷ್ಟೇ.

ಮೂರರಲ್ಲೂ ಪುಟದ ಮೇಲಿನ ಅವಧಿ ಒಬ್ಬ ಕಾಲ್ಪನಿಕ ವಿದ್ಯಾರ್ಥಿಯ ಮೇಲೆ ನಿಂತಿದೆ. ಅವನಿಗೆ ಇಂಗ್ಲಿಷ್ ವಿಡಿಯೊ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಅವನ ಲ್ಯಾಪ್‌ಟಾಪ್‌ನಲ್ಲಿ ಲ್ಯಾಬ್ ಸಾಫ್ಟ್‌ವೇರ್ ಮೊದಲ ಸಲಕ್ಕೇ ಇನ್‌ಸ್ಟಾಲ್ ಆಗುತ್ತದೆ. ಅವನಿಗೊಂದು ಮೇಜು, ಮುಚ್ಚುವ ಬಾಗಿಲು ಇದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಡಿಪ್ಲೊಮಾ ಮಾಡಿ, ಮೂವರು ಹಂಚಿಕೊಂಡ ಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಓದುವವರಿಗೆ ಹತ್ತು ನಿಮಿಷದ ವಿಡಿಯೊ ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ನಿಲ್ಲಿಸಬೇಕು, ಹಿಂದಕ್ಕೆ ಹೋಗಬೇಕು, ಒಂದು ಪದ ಹುಡುಕಬೇಕು. ಇದರಲ್ಲಿ ದಡ್ಡತನದ ಪ್ರಶ್ನೆಯೇ ಇಲ್ಲ. ಪುಟದ ಲೆಕ್ಕ ನಿಮ್ಮನ್ನು ಎದುರಿಗಿಟ್ಟುಕೊಂಡು ಮಾಡಿದ್ದಲ್ಲ, ಅಷ್ಟೇ.

168 ಗಂಟೆಯ ಲೆಕ್ಕ

ಎಲ್ಲರಿಗೂ ವಾರಕ್ಕೆ ಸಿಗುವುದು 168 ಗಂಟೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಲಹಂಕದಲ್ಲಿ ಪಿಜಿ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ. ಒಂದು ಕಡೆಗೆ ಸುಮಾರು 12 ಕಿ.ಮೀ. ಅಂತ ಹಿಡಿಯೋಣ.

ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಜಗತ್ತಿನ ನಿಧಾನ ನಗರಗಳ ಪಟ್ಟಿಯಲ್ಲಿ ಅದಕ್ಕೆ ನಮಗೆ ಮೂರನೇ ಸ್ಥಾನ. ಆ ಲೆಕ್ಕದಲ್ಲಿ 12 ಕಿ.ಮೀ.ಗೆ 41 ನಿಮಿಷ. ಅದೂ ಕಾರಿನ ಲೆಕ್ಕ, ಇಡೀ ದಿನದ ಸರಾಸರಿ. ಬಸ್ಸಿಗೆ ಕಾಯುವುದು, ನಡೆಯುವುದು, ಹೆಬ್ಬಾಳ ಫ್ಲೈಓವರ್ ಕೆಳಗೆ ನಿಲ್ಲುವುದು ಸೇರಿಸಿ ಒಂದು ಗಂಟೆ ಅನ್ನೋಣ. ಹೆಬ್ಬಾಳ ದಾಟಿ ಓಡಾಡುವವರು ಇದು ಕಡಿಮೆಯೇ ಆಯಿತು ಅಂತ ನಗಬಹುದು. ಇರಲಿ.

ದಿನಕ್ಕೆ 7 ಗಂಟೆ ನಿದ್ದೆ, ವಾರಕ್ಕೆ 49. ಐದು ದಿನ 9 ಗಂಟೆಯಂತೆ ಆಫೀಸು, 45. ಓಡಾಟ 10. ಸ್ನಾನ, ಊಟ, ಬಟ್ಟೆ, ಅಂಗಡಿ, ಮನೆಗೆ ಫೋನು ಇವಕ್ಕೆಲ್ಲ ದಿನಕ್ಕೆ 3 ಗಂಟೆಯಂತೆ 21. ಒಟ್ಟು 125. ಉಳಿದದ್ದು 43 ಗಂಟೆ.

ಅಬ್ಬಾ, 43 ಇದೆಯಲ್ಲ, ಹತ್ತು ಯಾವ ಲೆಕ್ಕ ಅನಿಸುತ್ತದೆ. ಆದರೆ ಅದನ್ನು ಬಿಡಿಸಿ ನೋಡಿ. ಆಫೀಸಿರುವ ದಿನ ಉಳಿಯುವುದು 3 ಗಂಟೆ, ಅದೂ ದಿನದ ಬಾಲದಲ್ಲಿ, ತಲೆ ಸುಸ್ತಾದ ಮೇಲೆ. ಉಳಿದ 28 ಗಂಟೆ ಶನಿವಾರ, ಭಾನುವಾರಕ್ಕೆ ಸೇರಿದ್ದು. ಆ ಎರಡು ದಿನಗಳ ಮೇಲೆ ಊರು, ಮದುವೆ, ಗೃಹಪ್ರವೇಶ, ಗೆಳೆತನ, ಪ್ರೀತಿ, ಕ್ರಿಕೆಟ್, ಸುಮ್ಮನೆ ಮಲಗುವುದು ಎಲ್ಲದಕ್ಕೂ ಹಕ್ಕಿದೆ. ಇವನ್ನೆಲ್ಲ ಮೂರು ತಿಂಗಳು ಕಿತ್ತು ಹಾಕಿ ಓದುತ್ತೇನೆ ಅನ್ನುವ ಪ್ಲಾನ್ ಕೇಳಲು ಚೆನ್ನಾಗಿರುತ್ತದೆ. ಸಾಮಾನ್ಯವಾಗಿ ಮೂರನೇ ವಾರದಲ್ಲಿ ಅದು ಕುಸಿಯುತ್ತದೆ, ಆಮೇಲೆ ನಮ್ಮ ಮೇಲೆ ನಮಗೇ ಬೇಸರ.

ನಾನು ಸೂಚಿಸುವ ಅಂಕಿ ಹೀಗಿದೆ: ವಾರದ ದಿನಗಳಲ್ಲಿ ನಾಲ್ಕು ದಿನ ಒಂದೊಂದು ಗಂಟೆ, ಶನಿವಾರ ಅಥವಾ ಭಾನುವಾರ ಬೆಳಗ್ಗೆ ಒಂದೇ ಸಲ ಮೂರು ಗಂಟೆ. ಒಟ್ಟು 7. ಹತ್ತು ಅಂತ ಬರೆದುಕೊಂಡು ನಾಲ್ಕು ಮಾಡುವುದಕ್ಕಿಂತ ಏಳು ಅಂತ ಬರೆದು ಏಳು ಮಾಡುವುದು ವೇಗ.

33.9 ದಿನ ಅಂದುಕೊಂಡವರು 55.5 ದಿನ ತೆಗೆದುಕೊಂಡರು

ಇನ್ನೊಂದು ಸಮಸ್ಯೆ ಇದೆ. ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಹಳೇ ಚಾಳಿ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಹೆಸರಿಟ್ಟರು, ಕನ್ನಡದಲ್ಲಿ ಯೋಜನಾ ಭ್ರಮೆ ಅನ್ನಬಹುದು. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಅವರ ಅಧ್ಯಯನ ಇದನ್ನು ಅಳೆಯಿತು. ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟಾಗಬಹುದು ಅಂತ ಕೇಳಿದಾಗ 48.6 ದಿನ ಅಂದರು. ನಿಜವಾಗಿ ಹಿಡಿದದ್ದು ಸರಾಸರಿ 55.5 ದಿನ. ಅಂದರೆ ಅವರ ಅತಿ ಕೆಟ್ಟ ಊಹೆಯೂ ವಾಸ್ತವಕ್ಕಿಂತ ಆಶಾವಾದಿಯಾಗಿತ್ತು.

55.5ನ್ನು 33.9ರಿಂದ ಭಾಗಿಸಿದರೆ ಸುಮಾರು 1.6. ಪ್ರಬಂಧಕ್ಕೆ ಬಂದ ಅಂಕಿಯೇ ನೆಟ್‌ವರ್ಕಿಂಗ್ ಕೋರ್ಸಿಗೂ ತಾಳೆಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಣ್ಣಂದಾಜಿಗೆ ಇದು ಒಳ್ಳೆಯ ಗುಣಕ. ನಿಮ್ಮ ಅಂದಾಜು ಏನೇ ಬರಲಿ, 1.6ರಿಂದ ಗುಣಿಸಿ.

ಈಗ ಸಿಸಿಎನ್‌ಎಗೆ ಬರೋಣ. ನಿಮಗೆ ಒಟ್ಟು 120 ಗಂಟೆ ಓದು ಬೇಕು ಅಂತ ಅನಿಸಿದೆ ಅಂದುಕೊಳ್ಳಿ. ವಾರಕ್ಕೆ ಹತ್ತರಂತೆ 12 ವಾರ, 'ಮೂರೇ ತಿಂಗಳು'. ಆದರೆ 120 ಗುಣಿಲೆ 1.6 ಅಂದರೆ 192 ಗಂಟೆ. ಅದನ್ನು ವಾರಕ್ಕೆ ಏಳರಂತೆ ಹಂಚಿದರೆ 27 ವಾರ ದಾಟುತ್ತದೆ, ಅಂದರೆ ಆರೂವರೆ ತಿಂಗಳು. ಅದೇ ಕೋರ್ಸು, ಅದೇ ಮನುಷ್ಯ. ಮೂರು ತಿಂಗಳಿಗೂ ಆರೂವರೆ ತಿಂಗಳಿಗೂ ನಡುವೆ ಇರುವುದು ಸೋಮಾರಿತನ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

192 ಗಂಟೆ ಹಂಚುವುದು ಹೇಗೆ?

ಸಿಸಿಎನ್‌ಎ 200-301 ಪರೀಕ್ಷೆ 120 ನಿಮಿಷದ್ದು. ಯಾವ ವಿಷಯಕ್ಕೆ ಎಷ್ಟು ತೂಕ ಅಂತ ಸಿಸ್ಕೊ ತಾನೇ ಪ್ರಕಟಿಸುತ್ತದೆ. ನೆಟ್‌ವರ್ಕ್ ಮೂಲಪಾಠ ಶೇ. 20, ನೆಟ್‌ವರ್ಕ್ ಆಕ್ಸೆಸ್ ಶೇ. 20, ಐಪಿ ಕನೆಕ್ಟಿವಿಟಿ ಶೇ. 25, ಐಪಿ ಸೇವೆಗಳು ಶೇ. 10, ಸೆಕ್ಯುರಿಟಿ ಶೇ. 15, ಆಟೊಮೇಶನ್ ಶೇ. 10. ಬಹಳ ಜನ ಇದನ್ನು ನೋಡದೆ ಪುಸ್ತಕದ ಮೊದಲ ಪುಟದಿಂದ ಹೊರಡುತ್ತಾರೆ. ಮೊದಲ ಎರಡು ಅಧ್ಯಾಯ ಚಿನ್ನದಂತೆ ಹೊಳೆಯುತ್ತವೆ, ಅತಿ ಹೆಚ್ಚು ಅಂಕದ ರೂಟಿಂಗ್ ಬರುವ ಹೊತ್ತಿಗೆ ಉಸಿರು ಹೋಗಿರುತ್ತದೆ.

192ರಲ್ಲಿ ಕಾಲು ಭಾಗ, 48 ಗಂಟೆಯನ್ನು ಪುನರಾವರ್ತನೆ ಮತ್ತು ಅಣಕು ಪರೀಕ್ಷೆಗೆ ಮೊದಲೇ ಎತ್ತಿಡಿ. ಉಳಿದ 144ನ್ನು ತೂಕದ ಪ್ರಕಾರ ಹಂಚಿ. ಶೇ. 20ರ ಎರಡು ವಿಷಯಕ್ಕೆ ತಲಾ 29, ಐಪಿ ಕನೆಕ್ಟಿವಿಟಿಗೆ 36, ಸೆಕ್ಯುರಿಟಿಗೆ 22, ಶೇ. 10ರ ಎರಡಕ್ಕೆ ತಲಾ 14. ವಾರಕ್ಕೆ ಏಳರಂತೆ ಐಪಿ ಕನೆಕ್ಟಿವಿಟಿಯೊಂದೇ ಐದು ವಾರ ಬೇಡುತ್ತದೆ. ಒಟ್ಟು ಹೊಸ ಪಾಠಕ್ಕೆ 21 ವಾರ.

ಇದನ್ನು ನಾಲ್ಕು ವಾರದ ಕಂತುಗಳಾಗಿ ಕತ್ತರಿಸಿ, ಪ್ರತಿ ಕಂತಿನ ಕೊನೆಗೆ ಒಂದು ವಾರ ಹೊಸ ಪಾಠ ಇಲ್ಲದ ವಾರ ಇಡಿ. ಹಳೆಯದನ್ನು ತಿರುವುವುದಕ್ಕೆ, ತಪ್ಪಿಹೋದದ್ದನ್ನು ಹಿಡಿಯುವುದಕ್ಕೆ ಮಾತ್ರ ಆ ವಾರ. ಇಂಥ ಐದು ವಾರ, ಕೊನೆಗೆ ಅಣಕು ಪರೀಕ್ಷೆಗೆ ಎರಡು ವಾರ. 21, 5, 2 ಸೇರಿ 28 ವಾರ. ಈಗ ಕ್ಯಾಲೆಂಡರ್ ತೆಗೆಯಿರಿ. ಯುಗಾದಿ, ಗೌರಿ ಗಣೇಶ, ದಸರಾ, ನಿಮ್ಮೂರ ಜಾತ್ರೆ, ಆಫೀಸಿನ ರಿಲೀಸ್ ಇರುವ ವಾರ, ಆನ್‌ಕಾಲ್ ವಾರ ಇವನ್ನು ಮೊದಲು ಗುರುತು ಮಾಡಿ. ಹೊಸ ಪಾಠ ಇಲ್ಲದ ವಾರಗಳನ್ನು ಸಾಧ್ಯವಾದಷ್ಟು ಅವುಗಳ ಮೇಲೇ ಕೂರಿಸಿ. ಆಗ ಹಬ್ಬ ನಿಮ್ಮ ಪ್ಲಾನಿಗೆ ಅಡ್ಡಿ ಆಗದೆ ಅದರ ಭಾಗವಾಗುತ್ತದೆ.

ಯಾವ ಗಂಟೆಗೆ ಯಾವ ಕೆಲಸ?

ಎಲ್ಲ ಗಂಟೆಯೂ ಒಂದೇ ಅಲ್ಲ. 1885ರಲ್ಲೇ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ರಭಸವಾಗಿ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ ತೋರಿಸಿದ. ಅದಕ್ಕೇ ಭಾನುವಾರ ಏಳು ಗಂಟೆ ಒಟ್ಟಿಗೆ ಓದಿ ವಾರಪೂರ್ತಿ ಮುಟ್ಟದಿರುವುದು ದುಬಾರಿ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗ ಇನ್ನೂ ಉಪಯುಕ್ತ. ಒಂದು ಗುಂಪು ಒಂದು ಪಠ್ಯವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ಉಲ್ಟಾ: ಓದಿದವರಿಗೆ ಶೇ. 40ರಷ್ಟು ನೆನಪು, ಬರೆದವರಿಗೆ ಶೇ. 61. ವಿಡಿಯೊವನ್ನು ಎರಡನೇ ಸಲ ನೋಡುವಾಗ 'ಎಲ್ಲ ಗೊತ್ತಲ್ಲ' ಅನಿಸುತ್ತದಲ್ಲ, ಆ ಭಾವನೆಯನ್ನು ನಂಬಬೇಡಿ.

ನಮ್ಮ ಕಡೆಗೆ ಇದನ್ನು ಒಗ್ಗಿಸಿದರೆ ಹೀಗಾಗುತ್ತದೆ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಹೊಸ ಪಾಠ ಕಲಿಯಲು ಹೋಗಬೇಡಿ. ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಸಬ್‌ನೆಟ್ಟಿಂಗ್ ತಲೆಗೆ ಹೋಗದು. ಆ ಹೊತ್ತು ನೆನಪಿಸಿಕೊಳ್ಳುವುದಕ್ಕೆ: ಫ್ಲ್ಯಾಶ್‌ಕಾರ್ಡ್, ಹತ್ತು ಪ್ರಶ್ನೆ, ನಿನ್ನೆ ಓದಿದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಯಶವಂತಪುರದಿಂದ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರಿಗೆ ಇದಕ್ಕೆ ಧಾರಾಳ ಹೊತ್ತು ಸಿಗುತ್ತದೆ. ಇದನ್ನು ನಾನು ಏಳು ಗಂಟೆಯೊಳಗೆ ಸೇರಿಸಿಲ್ಲ. ಸಿಕ್ಕರೆ ಲಾಭ, ನಿದ್ದೆ ಬಂದರೆ ನಿದ್ದೆ ಮಾಡಿ. ವಾರದ ದಿನದ ಒಂದು ಗಂಟೆಯಲ್ಲಿ ಮೊದಲ ಹದಿನೈದು ನಿಮಿಷ ಹಿಂದಿನ ಪಾಠವನ್ನು ನೋಡದೆ ಬರೆಯುವುದು, ಉಳಿದದ್ದು ಹೊಸದು. ವಾರಾಂತ್ಯದ ಮೂರು ಗಂಟೆ ಪೂರ್ತಿ ಲ್ಯಾಬ್. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿಯೇ ಸಿಗುತ್ತದೆ.

ದುಡ್ಡು ಯಾವಾಗ ಕಟ್ಟಬೇಕು?

ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೂ 25,500, ತೆರಿಗೆ ಬೇರೆ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಮತ್ತೆ ಪೂರ್ತಿ ಫೀಸ್. ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟಿಶನರ್ 100 ಡಾಲರ್, ಸೊಲ್ಯೂಶನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ 150 ಡಾಲರ್.

'ಮೊದಲು ದುಡ್ಡು ಕಟ್ಟಿಬಿಡು, ಆಗ ತಾನಾಗಿ ಓದ್ತೀಯ' ಅನ್ನುವ ಸಲಹೆ ಎಲ್ಲೆಡೆ ಇದೆ. ಅದಕ್ಕೆ ಸ್ವಲ್ಪ ಆಧಾರವೂ ಇದೆ. ಎಂಐಟಿ ಮತ್ತು ಹಾರ್ವರ್ಡ್‌ನ ಎಡ್‌ಎಕ್ಸ್ ಕೋರ್ಸುಗಳ ಬಗ್ಗೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, 2017-18ರಲ್ಲಿ ಸೇರಿದವರೆಲ್ಲರಲ್ಲಿ ಕೋರ್ಸ್ ಮುಗಿಸಿದವರು ಶೇ. 3.13 ಮಾತ್ರ. ದುಡ್ಡು ಕೊಟ್ಟು ಸರ್ಟಿಫಿಕೇಟಿಗೆ ನೋಂದಾಯಿಸಿದವರಲ್ಲಿ ಶೇ. 46. ಆದರೆ ಇದರಿಂದ ದುಡ್ಡೇ ಓದಿಸಿತು ಅಂತ ತೀರ್ಮಾನಿಸಬೇಡಿ. ಮುಗಿಸುವ ಮನಸ್ಸು, ಮುಗಿಸುವಷ್ಟು ಬಿಡುವು ಇದ್ದವರೇ ದುಡ್ಡು ಕಟ್ಟಿರುವ ಸಾಧ್ಯತೆಯೂ ಅಷ್ಟೇ ಇದೆ. ಇನ್ನೂ ಗಮನಿಸಿ: ದುಡ್ಡು ಕೊಟ್ಟವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಮುಗಿಸಲಿಲ್ಲ.

ನನ್ನ ಸಲಹೆ: 28 ವಾರದಲ್ಲಿ 18 ವಾರ ದಾಟುವವರೆಗೆ ಪರೀಕ್ಷೆಯ ದಿನ ಕಾಯ್ದಿರಿಸಬೇಡಿ. ಅಷ್ಟರಲ್ಲಿ ನಿಮ್ಮ ನಿಜವಾದ ವೇಗ ಗೊತ್ತಾಗಿರುತ್ತದೆ. ಏಳು ಗಂಟೆ ಅಂದುಕೊಂಡದ್ದು ಐದೇ ಆಗಿದ್ದರೆ, ಉಳಿದ ಗಂಟೆಗಳನ್ನು ಐದರಿಂದ ಭಾಗಿಸಿ ದಿನಾಂಕ ಮುಂದಕ್ಕೆ ಹಾಕಿ. ಪ್ಲಾನ್ ಬದಲಾಯಿಸುವುದು ಸೋಲಲ್ಲ, 25,500 ಕಳೆದುಕೊಳ್ಳುವುದು ನಷ್ಟ.

ಯಶವಂತಪುರದ ಪಕ್ಕದ ಮನೆಯ ಮಾದರಿ

ಯಶವಂತಪುರದವರಿಗೆ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಗೊತ್ತು. ಆ ಐಐಎಸ್‌ಸಿ ಮತ್ತು ಏಳು ಐಐಟಿಗಳು ಸೇರಿ ಕಟ್ಟಿದ್ದೇ ಎನ್‌ಪಿಟೆಲ್. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಾರ್ಯಕ್ರಮ. ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆ ಬರೆಯುವುದಾದರೆ ಮಾತ್ರ 1,000 ರೂಪಾಯಿ. 4, 8 ಅಥವಾ 12 ವಾರದ ಕೋರ್ಸು, ಪ್ರತಿ ವಾರ ಅಸೈನ್‌ಮೆಂಟ್. ಅಂತಿಮ ಅಂಕದಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75.

ಇದರ ಒಂದು ನಿಯಮ ನನಗೆ ತುಂಬಾ ಇಷ್ಟ. 12 ವಾರದ ಕೋರ್ಸಿನಲ್ಲಿ 12 ಅಸೈನ್‌ಮೆಂಟ್‌ಗಳ ಪೈಕಿ ಅತ್ಯುತ್ತಮ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಅಂದರೆ ಗಡುವು ಬಿಗಿಯಾಗಿದೆ, ಜೊತೆಗೆ ಜ್ವರ ಬಂದ ವಾರ, ಅಜ್ಜಿ ತೀರಿಕೊಂಡ ವಾರ, ನೈಟ್ ಶಿಫ್ಟ್ ಬಿದ್ದ ವಾರಕ್ಕೆ ನಿಯಮದಲ್ಲೇ ಜಾಗ ಇದೆ. ವಿದ್ಯಾರ್ಥಿಯ ಬದುಕಿನಲ್ಲಿ ಏನೋ ಒಂದು ಆಗಿಯೇ ಆಗುತ್ತದೆ ಅಂತ ಮೊದಲೇ ಒಪ್ಪಿಕೊಂಡ ವಿನ್ಯಾಸ ಇದು. ನಿಮ್ಮ ಸ್ವಂತ ಪ್ಲಾನಿಗೂ ಇದೇ ಸೂತ್ರ ಹಾಕಿಕೊಳ್ಳಿ: ಮೂರರಲ್ಲಿ ಎರಡು ವಾರ ಸರಿಯಾಗಿ ನಡೆದರೆ ಆ ತಿಂಗಳು ಪಾಸ್.

125 ಗಂಟೆ ಯಾರಿಗೆ?

ಈಗ ರಾಜಕೀಯ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ ಒಟ್ಟು 50 ಗಂಟೆ ಓವರ್‌ಟೈಮ್. 2024ರ ಜುಲೈನಲ್ಲಿ ಐಟಿ, ಐಟಿಇಎಸ್, ಬಿಪಿಒ ಕ್ಷೇತ್ರಕ್ಕೆ ಒಂದು ತಿದ್ದುಪಡಿ ಪ್ರಸ್ತಾವ ಹೊರಬಂತು: ದಿನಕ್ಕೆ 12 ಗಂಟೆಗೂ ಹೆಚ್ಚು ದುಡಿಸಬಹುದು, ಮೂರು ತಿಂಗಳಿಗೆ 125 ಗಂಟೆ ಮೀರಬಾರದು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಉದ್ಯಮದಿಂದ ಒತ್ತಡ ಇದೆ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದರು. 2025ರ ಜೂನ್‌ನಲ್ಲಿ ಇದೇ ಬಗೆಯ ಪ್ರಸ್ತಾವ ಮತ್ತೆ ತಲೆ ಎತ್ತಿತು, ಈ ಸಲ ಮೂರು ತಿಂಗಳಿಗೆ 144 ಗಂಟೆ.

125ನ್ನು 13 ವಾರದಿಂದ ಭಾಗಿಸಿ. ವಾರಕ್ಕೆ 9.6 ಗಂಟೆ. ಹೌದು, ಕೋರ್ಸಿನ ಪುಟ ಕೇಳುವ ಹತ್ತು ಗಂಟೆ ಹೆಚ್ಚುಕಡಿಮೆ ಇದೇ. 144ಕ್ಕೆ ಲೆಕ್ಕ ಹಾಕಿದರೆ 11. ಒಂದು ಕಡೆ ಕೌಶಲ ಹೆಚ್ಚಿಸಿಕೊಳ್ಳಿ, ವಾರಕ್ಕೆ ಹತ್ತು ಗಂಟೆ ಸಾಕು ಅನ್ನುತ್ತಾರೆ. ಇನ್ನೊಂದು ಕಡೆ ಅದೇ ಹತ್ತು ಗಂಟೆಯನ್ನು ಓವರ್‌ಟೈಮ್‌ಗೆ ಕೇಳುತ್ತಾರೆ. ಎರಡು ಕಡೆಯವರೂ ನೋಡುತ್ತಿರುವುದು ನಿಮ್ಮ ಅದೇ ಸಂಜೆಯನ್ನು. ಕೊನೆಗೆ ಕೌಶಲ ಹೊಂದಲಿಲ್ಲ ಅಂತ ಹೊರಗೆ ಕಳಿಸುವಾಗ ಈ ಲೆಕ್ಕ ಯಾರ ಮುಂದೆಯೂ ಬರುವುದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬಿಗಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ವ್ಯತ್ಯಾಸ ದಿನಕ್ಕೆ 201 ನಿಮಿಷ, ವಾರಕ್ಕೆ ಇಪ್ಪತ್ಮೂರೂವರೆ ಗಂಟೆ. ಎರಡು ಕೋರ್ಸ್ ಓದುವಷ್ಟು ಸಮಯ. ಆರ್.ಟಿ. ನಗರದ ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕೋರ್ಸಿಗೆ ಸೇರಿದರೆ ಯಾರು ಮೊದಲು ಮುಗಿಸುತ್ತಾರೆ ಅಂತ ಹೇಳಲು ಇಬ್ಬರ ಬುದ್ಧಿಮತ್ತೆ ಅಳೆಯಬೇಕಿಲ್ಲ.

ಕೆಲಸವೇ ಇಲ್ಲದವರಿಗೆ ಸಮಯ ಇದೆ, ದುಡ್ಡಿಲ್ಲ. ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಮಾತ್ರ. ಸಿಸಿಎನ್‌ಎ ಒಂದು ಪರೀಕ್ಷೆಯ ಫೀಸ್ ಅಂದರೆ ಪದವೀಧರರ ಎಂಟೂವರೆ ತಿಂಗಳ ಭತ್ಯೆ, ಡಿಪ್ಲೊಮಾದವರ ಹದಿನೇಳು ತಿಂಗಳ ಭತ್ಯೆ. ಇಷ್ಟೆಲ್ಲ ಆದ ಮೇಲೂ ಸಿಸಿಎನ್‌ಎ, ಎಡಬ್ಲ್ಯೂಎಸ್ ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ. ಮೈಕ್ರೊಸಾಫ್ಟ್‌ನ ಅಜೂರ್ ಅಸೋಸಿಯೇಟ್ ಮಟ್ಟದವು ಒಂದೇ ವರ್ಷ, ನವೀಕರಣ ಉಚಿತ ಅನ್ನುವುದೊಂದೇ ಸಮಾಧಾನ. ಅಂದರೆ ಈ ಹತ್ತು ಗಂಟೆ ಒಂದು ಸಲ ಕೊಟ್ಟು ಮುಗಿಸುವ ಕಂತಲ್ಲ, ನೌಕರಿ ಇರುವವರೆಗೂ ಕಟ್ಟುವ ಬಾಡಿಗೆ.

ಹಾಗಾದರೆ ಏನು ಕೇಳಬೇಕು?

ಕಲಿಕೆಯ ಗಂಟೆಯನ್ನು ಕೆಲಸದ ಗಂಟೆ ಅಂತ ಎಣಿಸುವುದು ಹೊಸ ಕಲ್ಪನೆಯಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲೇ ಸಂಬಳಸಹಿತ ಶೈಕ್ಷಣಿಕ ರಜೆಯ ಬಗ್ಗೆ 140ನೇ ಒಡಂಬಡಿಕೆ ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನೌಕರರಿಗೆ ವರ್ಷಕ್ಕೆ ಸಾಮಾನ್ಯವಾಗಿ ಐದು ದಿನ ಸಂಬಳಸಹಿತ ಕಲಿಕೆಯ ರಜೆ ಕಾನೂನಿನ ಹಕ್ಕು. ನಮ್ಮಲ್ಲಿ ಕೆಲವು ಕಂಪನಿಗಳು ಪಾಸಾದ ಮೇಲೆ ಫೀಸ್ ವಾಪಸ್ ಕೊಡುತ್ತವೆ, ಅದು ಒಳ್ಳೆಯದೇ. ಆದರೆ ಫೀಸಿಗಿಂತ ದುಬಾರಿಯಾದ 192 ಗಂಟೆ ಮಾತ್ರ ನೌಕರರ ನಿದ್ದೆಯಿಂದಲೇ ಬರಬೇಕು.

ರಾಜ್ಯ ಸರ್ಕಾರ 2024ರ ನವೆಂಬರ್‌ನ ಬೆಂಗಳೂರು ಟೆಕ್ ಶೃಂಗದಲ್ಲಿ 'ನಿಪುಣ ಕರ್ನಾಟಕ' ಹೆಸರಿನಲ್ಲಿ ದೊಡ್ಡ ಕಂಪನಿಗಳ ಜೊತೆ ಸೇರಿ 1 ಲಕ್ಷ ಜನರಿಗೆ ತರಬೇತಿ ಕೊಡುವ ಮಾತಾಡಿತು. ಇಂಥ ಯೋಜನೆ ಬಂದಾಗಲೆಲ್ಲ ನಾವು ಎಷ್ಟು ಜನಕ್ಕೆ ಅಂತ ಕೇಳುತ್ತೇವೆ. ಇನ್ನು ಮುಂದೆ ಯಾವ ಹೊತ್ತಿನಲ್ಲಿ ಅಂತಲೂ ಕೇಳೋಣ. ಶಿಫ್ಟಿನೊಳಗೆ ವಾರಕ್ಕೆ ಎರಡು ಗಂಟೆ ಕಲಿಕೆಗೆ ಮೀಸಲಿಟ್ಟರೆ ಮೇಲಿನ 28 ವಾರದ ಪ್ಲಾನು 22 ವಾರಕ್ಕೆ ಇಳಿಯುತ್ತದೆ, ಅದೂ ಯಾರ ಭಾನುವಾರವನ್ನೂ ಕಸಿಯದೆ. ನಮ್ಮ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಸೆಸ್ ಸಂಗ್ರಹವಾಗುತ್ತದೆ. ಬಡಾವಣೆಯ ಗ್ರಂಥಾಲಯಗಳು ರಾತ್ರಿ ಹತ್ತರವರೆಗೆ ತೆರೆದಿದ್ದು, ನಾಲ್ಕು ಪ್ಲಗ್ ಪಾಯಿಂಟ್, ವೈಫೈ ಇದ್ದರೆ ಪಿಜಿಯ ಮೂರನೇ ಮಂಚದ ಮೇಲೆ ಕೂತು ಓದುವವರಿಗೆ ಒಂದು ಮೇಜು ಸಿಗುತ್ತದೆ. ವಾರ್ಡಿನ ಮತ ಕೇಳಲು ಬರುವವರ ಮುಂದೆ ಇದನ್ನು ಇಡಬಹುದು.

ಮೂರು ತಿಂಗಳಲ್ಲಿ ಆಗುತ್ತಾ ಅಂತ ಕೇಳಿದವರಿಗೆ ನನ್ನ ಉತ್ತರ ಇಷ್ಟು: ಒಂದು ಹಾಳೆ ತೆಗೆದುಕೊಂಡು ನಿಮ್ಮ 168 ಗಂಟೆ ಬರೆಯಿರಿ. ಒಂದು ವಾರ ನಿಜವಾಗಿ ಏನಾಯಿತು ಅಂತ ಗುರುತು ಹಾಕಿ. ಸಿಕ್ಕ ಗಂಟೆಯಿಂದ ಭಾಗಿಸಿ, ಬಂದ ತಿಂಗಳನ್ನು ಒಪ್ಪಿಕೊಂಡು ಶುರು ಮಾಡಿ. ಆ ಹಾಳೆಯನ್ನು ಎಸೆಯಬೇಡಿ. ಮುಂದಿನ ಅಪ್ರೈಸಲ್‌ನಲ್ಲಿ ಮ್ಯಾನೇಜರ್ 'ಈ ವರ್ಷ ಯಾವ ಸರ್ಟಿಫಿಕೇಶನ್ ಮಾಡ್ತೀರಿ?' ಅಂತ ಕೇಳಿದಾಗ ಅದನ್ನು ಮೇಜಿನ ಮೇಲಿಟ್ಟು, 'ಇದರಲ್ಲಿ ಯಾವ ಗಂಟೆ ಸರ್?' ಅಂತ ಕೇಳಿ. ಒಬ್ಬರೇ ಕೇಳುವುದು ಕಷ್ಟ ಅನಿಸಿದರೆ ಟೀಮಿನವರೆಲ್ಲ ಒಂದೊಂದು ಹಾಳೆ ತನ್ನಿ.